ಕ್ಯಾತಮ್ಮನ ಒಪ್ಪೊತ್ತು

ಇವತ್ತು ಹಟ್ಟಿಯೊಳಕ್ಕೆ ಹೋಗಬೇಕು. ಬೆಳಕು ಹರಿದಾಗಿನಿಂದ ಕ್ಯಾತಮ್ಮನ ತಲೆಯಲ್ಲಿ ಈ ಒಂದೇ ಮಾತು ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಬೇರೆ ಬಾಣಂತಿಯರಾದರೆ ಈ ದಿನಕ್ಕಾಗಿ ಬಾಯಿ ಬಾಯಿ ಬಿಟ್ಟುಕೊಂಡು ಕಾಯುತ್ತಾರೆ. ದೇವರಿರುವ ಹಟ್ಟಿಯೊಳಗೆ ಸೂತಕ ಸೇರಬಾರದೆಂದು ಮುಳ್ಳುಬೇಲಿಯ ಆಚೆ, ಹೊಂಗೆ ಮರದ ಬುಡದಲ್ಲಿ, ಸೊಪ್ಪು ಹೊದಿಸಿದ ಗುಡ್ಲಿನಲ್ಲಿ ಹೆತ್ತು, ಅಲ್ಲೇ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ತಿಂಗಳುಗಟ್ಟಲೆ ಬಿಸಿಲುಗಾಳಿ ತಿಂದವಳಿಗೆ ಮನೆಯೊಳಗಿನ ಒಂದು ಗೋಡೆ, ಒಂದು ಒಲೆ ಅರಮನೆಯಾಗಿ ಕಾಣಬೇಕು. ಕ್ಯಾತಮ್ಮನೂ ಮೊದಮೊದಲು ಈ ಗುಡ್ಲನ್ನು ಬೈದವಳೇ. ಕಾಲು ಚಾಚಿದರೆ ತಲೆ ಗಾಳಿಗೆ, ತಲೆ ಒಳಗಿಟ್ಟರೆ ಕಾಲು ನಾಯಿಗೆ ಎಂದು ಗೊಣಗಿದವಳೇ. ಈಗ ಇದನ್ನು ಬಿಟ್ಟುಹೋಗಬೇಕಲ್ಲ ಎಂದು ಹೊಟ್ಟೆಯೊಳಗೆ ಕಲಸಿದಂತಾಗುತ್ತಿತ್ತು. ಹೊಟ್ಟೆ ಕಲಸಿದ್ದು ಗೊತ್ತಾದ ಕೂಡಲೇ ಉಸಿರು ಬಿಗಿಹಿಡಿದು, ಎರಡೂ ಕೈ ನೆಲಕ್ಕೂರಿ, ಮೈಯೊಳಗಿನ ಆ ಒಂದು ಜಾಗದ ಕಡೆಗೆ ಕಿವಿಗೊಟ್ಟು ಕೂತಳು. ಏನೂ ಆಗಲಿಲ್ಲ. ನಿನ್ನೆಯಿಂದ ಏನನ್ನೂ ತಿಂದಿಲ್ಲ, ಆಗುವುದಕ್ಕೆ ತಾನೆ ಏನಿದೆ.

ತಿನ್ನದಿದ್ದರೆ ಬರುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆ ಜುಂಜಮ್ಮ ಗುಡ್ಲಿನಿಂದಾಚೆ ಚಪ್ಪಡಿ ಕಲ್ಲಿನ ಮೇಲೆ ಇಟ್ಟುಹೋಗುವ ಮುದ್ದೆ, ಮೆಣಸಿನ ಸಾರನ್ನು ಮೊದಲು ಅರ್ಧ ಮಾಡಿದಳು, ಆಮೇಲೆ ಬೆಳಗಿನದನ್ನು ಪೂರಾ ಬಿಟ್ಟಳು, ಉಳಿದದ್ದನ್ನು ನಾಯಿಗೆ ಹಾಕಿದಳು. ನಾಯಿ ದುಂಡಗಾಯಿತು. ಕೂಸು ಮಾತ್ರ ಮೊಲೆಗೆ ಬಾಯಿ ಹಾಕಿ ಚೀಪಿ ಚೀಪಿ, ಏನೂ ಸಿಗದೆ ತಲೆ ಕೊಡವಿ ಅಳುತ್ತಿತ್ತು. ಹುಟ್ಟಿದಾಗ ಎಮ್ಮೆಕರುವಿನ ಹಾಗಿದ್ದ ಹುಡುಗ, ಈಗ ಅವನ ತೊಡೆಯ ಚರ್ಮ ಹಿಡಿದರೆ ಕೈಗೆ ಬರುತ್ತಿತ್ತು. ಅದನ್ನು ಮುಟ್ಟಿ ನೋಡಿದಾಗಲೆಲ್ಲ ಕ್ಯಾತಮ್ಮನಿಗೆ ತಾನು ಕೊಲೆಗಾತಿ ಅನ್ನಿಸುತ್ತಿತ್ತು, ಇವತ್ತು ಹೊಟ್ಟೆ ತುಂಬ ತಿನ್ನುತ್ತೇನೆ ಎಂದುಕೊಳ್ಳುತ್ತಿದ್ದಳು, ತಿಂದ ಮಧ್ಯಾಹ್ನವೇ ಸೀರೆ ಒಗೆಯಲು ನೀರಿನ ಕುಂಟೆಗೆ ಓಡುತ್ತಿದ್ದಳು. ಹಗಲಲ್ಲಿ ಮೂರು ಸಲ ಮುಳುಗಿ ಏಳುತ್ತಿದ್ದವಳನ್ನು ಕುರಿ ಕಾಯುವವರು ದೂರದಿಂದ ನೋಡಿ ಹೋಗುತ್ತಿದ್ದರು.

ಹೆರಿಗೆ ಮಾಡಿಸಿದವಳು ಪಕ್ಕದೂರಿನ ಹನುಮಕ್ಕ. ಹಟ್ಟಿಯವರು ಸೂತಕ ಮುಟ್ಟುವಂತಿಲ್ಲ, ಬೇರೆ ಜಾತಿಯ ಅವಳೇ ಬರಬೇಕು. ಕ್ಯಾತಮ್ಮನ ತೌರು ಪಾವಗಡದ ಕಡೆಯ ರಾಯಚರ್ಲು, ಅಲ್ಲಿ ಅವ್ವ ಇಲ್ಲ. ಹಾಗಾಗಿ ಚೊಚ್ಚಲು ಕೂಡ ಗಂಡನ ಹಟ್ಟಿಯ ಬೇಲಿಯ ಪಕ್ಕದಲ್ಲೇ ಆಯಿತು. ಕೂಸಿನ ತಲೆ ದೊಡ್ಡದು. ‘ಮುಕ್ಕು ನನ್ನವ್ವ, ಮುಕ್ಕು’ ಎಂದು ಹನುಮಕ್ಕ ಬೆನ್ನು ನೀವಿದಳು, ಕ್ಯಾತಮ್ಮ ಮುಕ್ಕಿದಳು, ಯಾರೋ ಹಳೇ ಸೀರೆಯನ್ನು ಪರ್ರನೆ ಸೀಳಿದ ಸದ್ದು ಕೇಳಿತು. ಯಾವ ಸೀರೆ ಎಂದು ಯೋಚಿಸಿದ್ದು ಅವಳಿಗೆ ಇನ್ನೂ ನೆನಪಿದೆ. ಆಮೇಲೆ ಹನುಮಕ್ಕ ಕೈ ತೊಳೆದುಕೊಳ್ಳುತ್ತ, ಅವಳ ಮುಖ ನೋಡದೆ ಹೇಳಿದ್ದಳು. “ಇಂದ್ಗಡೆ ದಾರಿ ತಂಕ ಅರ್ದೋಗೈತೆ ಕಣವ್ವ. ಸಿರಾ ಆಸ್ಪತ್ರೆಗೆ ಓದ್ರೆ ವಲಿಗೆ ಆಕ್ತಾರೆ.”

“ಓಗ್ದಿದ್ರೆ?”

“ಕಾಲು ಕೂಡಿಸ್ಕಂಡು ಮನಿಕ್ಕ. ಕೂಡ್ಕಂಡ್ರೆ ಕೂಡ್ಕಂತು.”

ಆಸ್ಪತ್ರೆ ಎಂಬ ಮಾತನ್ನು ಹಟ್ಟಿಯಲ್ಲಿ ಯಾರ ಮುಂದೆ ಆಡುವುದು? ಹಿಂದಿನ ವರ್ಷವಷ್ಟೇ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಲು ಹಿಡಿದೊಯ್ಯುವ ಜೀಪು ಬಂತೆಂದು ಗಂಡಸರೆಲ್ಲ ಕುರಿ ಹೊಡೆದುಕೊಂಡು ಗುಡ್ಡ ಸೇರಿದ್ದರು. ಅವತ್ತಿನಿಂದ ಆಸ್ಪತ್ರೆ ಅಂದರೆ ಎಲ್ಲರಿಗೂ ಅದೊಂದೇ ಅರ್ಥ. ಅಲ್ಲದೆ ಹೇಳುವುದಾದರೂ ಏನನ್ನು? ಹೆತ್ತ ಕೆಲವು ದಿನಕ್ಕೆ ಚಪ್ಪಡಿಯ ಮೇಲಿನ ತಟ್ಟೆ ಎತ್ತಿಕೊಳ್ಳಲು ಬಗ್ಗಿದಾಗ ತೊಡೆಯ ಮೇಲೆ ಬೆಚ್ಚಗೆ ಇಳಿಯಿತು. ರಕ್ತ ಎಂದುಕೊಂಡು ಮುಟ್ಟಿ ನೋಡಿಕೊಂಡಳು. ರಕ್ತವಾಗಿರಲಿಲ್ಲ, ನಾತ ಮೂಗಿಗೆ ಬಡಿಯಿತು. ಬರುತ್ತಿದೆ ಎಂದು ಮೈ ಹೇಳಿರಲೇ ಇಲ್ಲ. ಇಷ್ಟು ವರ್ಷ ಹೇಳದೆ ಒಂದು ದಿನವೂ ಇರದ ಮೈ. ಅಲ್ಲಿಯೇ ನಿಂತು ಅವಳು ರಕ್ತವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು. ರಕ್ತಕ್ಕೆ ಒಂದು ಹೆಸರಿದೆ, ಒಂದು ಕಟ್ಟಳೆಯಿದೆ, ಅದಕ್ಕೆಂದೇ ಒಂದು ಗುಡ್ಲಿದೆ, ಇಷ್ಟು ದಿನ ಎಂದು ಲೆಕ್ಕವಿದೆ. ಇದಕ್ಕೆ ಏನಿದೆ? ಮಕ್ಕಳಿಗಾದರೆ ನಗುತ್ತಾರೆ, ಮುದುಕರಿಗಾದರೆ ಕರ್ಮ ಅನ್ನುತ್ತಾರೆ. ಇಪ್ಪತ್ತರ ಹೆಂಗಸಿಗಾದರೆ ಏನನ್ನುತ್ತಾರೆ ಎಂದು ಅವಳು ಕೇಳಿರಲಿಲ್ಲ. ಕೇಳಿದ್ದರೂ ಯಾರಾದರೂ ಬಾಯಿಬಿಟ್ಟು ಹೇಳುವ ಮಾತೇ ಅದು? ಹೇಳಿದರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ ಎನ್ನುವುದು ಇಂಥದಕ್ಕೇ ಇರಬೇಕು.

ಹಾಗಾಗಿ ಅವಳು ಅದಕ್ಕೆ ರಕ್ತವೆಂದೇ ಹೆಸರಿಟ್ಟುಕೊಂಡಳು. ಹಟ್ಟಿಗೆ ತುಂಬಿಸಿಕೊಳ್ಳುವ ದಿನ ಹತ್ತಿರ ಬಂದಾಗ ಜುಂಜಮ್ಮ ದೂರ ನಿಂತು “ಮೈ ಆರ್ತೇನೇ?” ಎಂದು ಕೂಗಿದರೆ “ಇನ್ನೂ ಇಲ್ಲ ಅತ್ತೆ” ಎಂದು ಒಳಗಿನಿಂದಲೇ ಅಂದಳು. ಅತ್ತೆ ನಂಬಿದಳು. ಇಂಥ ವಿಷಯದಲ್ಲಿ ಹೆಂಗಸೊಬ್ಬಳು ಸುಳ್ಳು ಹೇಳಿ ಹೊರಗೆ ಉಳಿಯುತ್ತಾಳೆಂದು ಈ ಹಟ್ಟಿಯಲ್ಲಿ ಯಾರೂ ಕನಸಿನಲ್ಲೂ ನೆನೆಸಿದವರಲ್ಲ. ಒಳಗೆ ಬರಲು ಸುಳ್ಳು ಹೇಳಿದವರುಂಟು. ಎರಡನೆಯ ಸಲವೂ ಹಾಗೇ ಅಂದಳು. ಆ ಹೊತ್ತಿಗೆ ನಾಯಿ ದುಂಡಗಾಗಿದ್ದು, ಸೊಸೆ ಸಣ್ಣಗಾಗಿದ್ದು ಜುಂಜಮ್ಮನ ಕಣ್ಣಿಗೆ ಬಿದ್ದಿತ್ತು. ಅವಳು ಚಪ್ಪಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ತುಂಬ ಹೊತ್ತು ಸೊಸೆಯನ್ನು ನೋಡಿ, ದನಿ ಇಳಿಸಿ ಕೇಳಿದಳು. “ಒಪ್ಪೊತ್ತು ಇಡಿದಿದೀಯೇನೇ?”

ಕ್ಯಾತಮ್ಮ ತಲೆ ಎತ್ತಲಿಲ್ಲ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಬಾಣಂತಿಯೊಬ್ಬಳು ಹೀಗೆ ಒಂದೇ ಹೊತ್ತು ಉಂಡು, ದಿನಕ್ಕೆ ಮೂರು ಸಲ ತಣ್ಣೀರು ಮೀಯುತ್ತಾಳೆಂದರೆ ಅದು ಹಟ್ಟಿಯ ದೇವರು ಜುಂಜಪ್ಪನಿಗಲ್ಲದೆ ಇನ್ಯಾರಿಗೆ? ಜುಂಜಮ್ಮನ ಕಣ್ಣಲ್ಲಿ ನೀರು ಬಂತು. “ಜುಂಜಪ್ಪನಿಗೆ ಅಂತ ಅನ್ಕಂಡಿದೀಯ. ಬಾಯಿ ಬುಡ್ಬ್ಯಾಡ, ಬಾಯಿ ಬುಟ್ರೆ ಅರ್ಕೆ ಕೆಡ್ತದೆ,” ಎಂದು ಎದ್ದುಹೋದಳು. ಸೊಸೆಗೆ ಬಾಯಿ ಬಿಡಬೇಡ ಎಂದವಳು ತಾನು ಹೋಗಿ ಹಟ್ಟಿಗೆಲ್ಲ ಸಾರಿದಳು. ಆವತ್ತಿನಿಂದ ಹೆಂಗಸರು ಗುಡ್ಲಿನ ಕಡೆ ಬರುವಾಗ ಚಪ್ಪಲಿ ಬಿಟ್ಟು ನಿಲ್ಲತೊಡಗಿದರು. ಕ್ಯಾತಮ್ಮನಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ನಗಲು ಹೆದರಿಕೆ, ನಕ್ಕರೂ ಆಗಿಬಿಡುತ್ತದೆ.

ಯತ್ತಪ್ಪ ಬಂದದ್ದೂ ಹಾಗೇ. ವಲಸೆ ಹೋದ ಗಂಡ ಮಂದೆ ತಿರುಗಿಸಿಕೊಂಡು ಬಂದು, ಮಧ್ಯಾಹ್ನ ಕುರಿ ಮಲಗಿದ ಹೊತ್ತಿನಲ್ಲಿ, ಹೆಗಲಿಗೆ ಟ್ರಾನ್ಸಿಸ್ಟರು ನೇತುಹಾಕಿಕೊಂಡು ಹೊಂಗೆಯ ನೆರಳಿನ ಅಂಚಿನಲ್ಲಿ ನಿಂತ. ನೆರಳಿನೊಳಕ್ಕೆ ಬರುವಂತಿಲ್ಲ. ಸಿರಾ ಸಂತೆಯಿಂದ ತಂದ ರವಿಕೆ ಬಟ್ಟೆಯನ್ನು ಚಪ್ಪಡಿಯ ಮೇಲೆ ಇಟ್ಟು, “ಇನ್ನೂ ಎಸ್ಟ್ ದಿನಾನೇ ಕ್ಯಾತಿ?” ಎಂದ. ಆ ದನಿಯಲ್ಲಿ ಏನಿತ್ತು ಎಂಬುದು ಅವಳಿಗೆ ಗೊತ್ತು. ಮದುವೆಯಾದ ಹೊಸತರಲ್ಲಿ ಕುರಿ ರೊಪ್ಪದ ಹಿಂದೆ ಅದೇ ದನಿಯಲ್ಲಿ ಕರೆಯುತ್ತಿದ್ದ. ಅವಳ ಮೈ ಒಂದು ಗಳಿಗೆ ಅವನ ಕಡೆಗೆ ಹೊರಟಿತು, ಕೂಡಲೇ ಇನ್ನೊಂದು ಕಡೆಯಿಂದ ಯಾರೋ ಹಿಡಿದೆಳೆದಂತಾಯಿತು. ಇವನು ಪಕ್ಕದಲ್ಲಿ ಮಲಗಿದಾಗ ಆದರೆ? ಇವನ ಕಂಬಳಿಯ ಮೇಲೆ ಆದರೆ?

“ಅವ್ವ ಯೋಳಿದ್ಲು,” ಯತ್ತಪ್ಪ ನೆಲ ನೋಡುತ್ತ ಅಂದ. “ಕುರಿಗೆ ಬಾಯಿರೋಗ ಬಂದಿತ್ತಲ್ಲ, ಒಂದೂ ಸಾಯ್ಲಿಲ್ಲ ಕಣೆ. ನೀನು ಅದ್ಕೇ ಇಡ್ದಿದ್ದಾ?”

ಅವಳ ಬಾಯಿಂದ “ಊಂ” ಎಂದು ಬಂದುಬಿಟ್ಟಿತು. ಯಾಕೆ ಬಂತೋ. ಅವನು ತಲೆ ಎತ್ತಿ ನೋಡಿದ ನೋಟ ಗಂಡ ಹೆಂಡತಿಯನ್ನು ನೋಡುವ ನೋಟವಾಗಿರಲಿಲ್ಲ. ಗುಡಿಯ ಬಾಗಿಲಲ್ಲಿ ನಿಂತಾಗ ಅವನ ಮುಖ ಹಾಗಾಗುವುದನ್ನು ಅವಳು ಕಂಡಿದ್ದಳು. ಕೈ ಮುಗಿಯುತ್ತಾನೇನೋ ಎಂದು ಗಾಬರಿಯಾಯಿತು. ಹಾಗೆ ನೋಡಬ್ಯಾಡ, ನನ್ನ ಮೈ ನಾರುತ್ತೆ, ಹೊಡಿ ಬೇಕಾದರೆ, ಆದರೆ ಹಾಗೆ ನೋಡಬ್ಯಾಡ ಎಂದು ಕೂಗಬೇಕೆನ್ನಿಸಿತು. ಅವನು ಟ್ರಾನ್ಸಿಸ್ಟರಿನ ಕಿವಿ ತಿರುವಿಕೊಂಡು ಹೊರಟುಹೋದ.

“ಎದ್ದಿದೀಯೇನೇ ಕ್ಯಾತಿ? ಬಿಸ್ಲು ಏರ್ತು!” ಇವತ್ತು, ಒಳಗೆ ಹೋಗುವ ದಿನ, ಬೇಲಿಯ ಕಡೆಯಿಂದ ಪಕ್ಕದ ಮನೆಯ ಪುಟ್ಟಕ್ಕನ ಗಂಟಲು. ಹಟ್ಟಿಯಲ್ಲಿ ಯಾರ ಮನೆಯ ಸಾರಿಗೆ ಉಪ್ಪು ಕಮ್ಮಿ ಎಂಬುದನ್ನೂ ಮೂಗಿನಲ್ಲೇ ಹೇಳಬಲ್ಲವಳು ಇವಳು. ಮೂರನೆಯ ಸಲ ಸುಳ್ಳು ಹೇಳಲು ಜುಂಜಮ್ಮ ಅವಕಾಶವನ್ನೇ ಕೊಟ್ಟಿರಲಿಲ್ಲ. ಪೂಜಾರಿ ಬೋರಣ್ಣನನ್ನು ಕೇಳಿ ದಿನ ಗೊತ್ತು ಮಾಡಿಸಿಬಿಟ್ಟಿದ್ದಳು. ಕೂಸು ಸೊರಗುತ್ತಿದೆ, ಒಳಗೆ ಬಂದರೆ ಮೈ ಹಿಡಿಯುತ್ತದೆ ಎಂಬುದು ಅವಳ ವಾದ. ಅದಕ್ಕೆ ಎದುರು ಹೇಳಲು ಕ್ಯಾತಮ್ಮನ ಬಳಿ ಏನಿತ್ತು? ಎರಡು ಹಳೇ ಬಟ್ಟೆಯನ್ನು ಮಡಿಸಿ, ನಡುವೆ ಬೂದಿ ಹಾಕಿ, ಲಂಗೋಟಿಯ ಹಾಗೆ ಬಿಗಿದು ಕಟ್ಟಿಕೊಂಡಳು. ಅದರ ಮೇಲೆ ಮಡಿ ಸೀರೆ ಉಟ್ಟಳು. ಕೂಸನ್ನೆತ್ತಿಕೊಂಡು ಬಗ್ಗಿ ಹೊರಗೆ ಬಂದಾಗ ಕಣ್ಣು ಕತ್ತಲಿಟ್ಟಿತು. ಹಿಂದೆ ತಿರುಗಿ ಗುಡ್ಲನ್ನು ನೋಡಿದಳು. ಅವಳು ಹೊರಬಿದ್ದ ಬೆನ್ನಿಗೇ ಅದಕ್ಕೆ ಬೆಂಕಿ ಇಟ್ಟರು, ಅದು ಪದ್ಧತಿ. ಒಣಗಿದ ಸೊಪ್ಪು ಚಟಚಟ ಎಂದು ಉರಿಯಿತು.

ಬೇಲಿಯ ಬಾಯಲ್ಲಿ ಬೋರಣ್ಣ ತೀರ್ಥ ಎರಚಿದ. ಹೆಜ್ಜೆ ಹೆಜ್ಜೆಗೂ ಅವಳ ಮನಸ್ಸೆಲ್ಲ ಆ ಒಂದು ಜಾಗದಲ್ಲೇ ಇತ್ತು, ತುಂಬಿದ ಬಿಂದಿಗೆಯನ್ನು ತಲೆಯ ಮೇಲೆ ಹೊತ್ತವಳ ಮನಸ್ಸು ಬಿಂದಿಗೆಯಲ್ಲಿ ಇರುವ ಹಾಗೆ. ಯಾರೋ ಏನೋ ಹೇಳಿದರು, ಅವಳು ತಲೆಯಾಡಿಸಿದಳು. ಬರಿಗಾಲಿಗೆ ಹಟ್ಟಿಯ ಸಾರಿಸಿದ ನೆಲ ತಣ್ಣಗೆ ತಗುಲಿತು. ಇಲ್ಲಿ ಉಗುಳುವುದಿಲ್ಲ, ಇಲ್ಲಿ ಕೋಳಿ ಸಾಕುವುದಿಲ್ಲ, ಕೆದಕಿ ಕೊಳಕು ಮಾಡುತ್ತದೆಂದು. ಹೆಂಗಸೊಬ್ಬಳು ಕೋಳಿಗಿಂತ ಕಡೆಯಾದರೆ ಅವಳನ್ನು ಯಾವ ಬೇಲಿಯಾಚೆ ಇಡುತ್ತಾರೆ? ದೇವರಿಗೆ ಗೊತ್ತಾಗುತ್ತದೆಯೇ? ಗೊತ್ತಾಗುವುದಾಗಿದ್ದರೆ ಒಪ್ಪೊತ್ತಿನ ಸುಳ್ಳು ಅವನಿಗೆ ಆಗಲೇ ಗೊತ್ತಾಗಿರಬೇಕಲ್ಲ, ಯಾಕೆ ಸುಮ್ಮನಿದ್ದಾನೆ? ಅಥವಾ ಇದು ನಿಜವಾಗಿಯೂ ಒಪ್ಪೊತ್ತೇ ಆಗಿರಬಹುದೇ? ಅತ್ತೆ ಹೇಳಿದ್ದೇ ಸರಿಯಿದ್ದು, ತನಗೇ ಗೊತ್ತಿಲ್ಲದೆ ತಾನು ಹರಕೆ ಹೊತ್ತಿರಬಹುದೇ? ಕುರಿಗಳಂತೂ ಸಾಯಲಿಲ್ಲ.

ಗುಡಿಯ ಮುಂದೆ ಕರಿ ಕಂಬಳಿ ಹಾಸಿದ್ದರು. “ಕೂಸ್ನ ಎತ್ಕಂಡು ಕೂತ್ಕಳವ್ವ,” ಎಂದ ಬೋರಣ್ಣ. ಅವಳು ಕೂತಳು. ಕೂತರೆ ವಾಸಿ, ನೆಲ ಒತ್ತಿ ಹಿಡಿಯುತ್ತದೆ. ಕೂಸು ಮಡಿಲಲ್ಲಿ ನಿದ್ದೆಹೋಗಿತ್ತು. ಇನ್ನು ಹೂವು ಕೊಟ್ಟು, ಹೆಸರಿಟ್ಟು, ಎಬ್ಬಿಸಿ ಕಳಿಸಿದರೆ ಮುಗಿಯಿತು. ಆಗಲೇ ಬೋರಣ್ಣ ಗುಡಿಯೊಳಗಿನಿಂದ ದೊಡ್ಡ ಕಂಚಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದ. ದೇವರ ಮೀಸಲು ಹಾಲು, ಬೆಲ್ಲ ಹಾಕಿ ಕಾಸಿದ್ದು, ಇನ್ನೂ ಹಬೆಯಾಡುತ್ತಿತ್ತು.

“ಒಪ್ಪೊತ್ತು ಇಡ್ದೋರು ಸ್ವಾಮಿ ಮುಂದೆ ಬುಡ್ಬೇಕು. ಪೂರಾ ಕುಡೀಬೇಕು ಕಣವ್ವ, ತೊಟ್ಟು ಮಿಗಿಸ್ಬಾರ್ದು.”

ಇದು ಅವಳಿಗೆ ಹೊಳೆದಿರಲೇ ಇಲ್ಲ. ಹಿಡಿದ ಹರಕೆಯನ್ನು ಬಿಡಿಸುವ ಶಾಸ್ತ್ರವೂ ಇರುವುದನ್ನು ತೌರಿನಲ್ಲೂ ನೋಡಿದ್ದಳು, ಮರೆತಿದ್ದಳು. ಹರಕೆಯನ್ನೇ ಹೊರದವಳಿಗೆ ಶಾಸ್ತ್ರ ನೆನಪಾಗುವುದಾದರೂ ಹೇಗೆ? ಸುತ್ತ ನೋಡಿದಳು. ಜುಂಜಮ್ಮನ ಮುಖ ಹೆಮ್ಮೆಯಿಂದ ಬೆಳಗುತ್ತಿತ್ತು. ಯತ್ತಪ್ಪ ಗಂಡಸರ ಸಾಲಿನಲ್ಲಿ ತಲೆಗೆ ಸುತ್ತಿದ ವಸ್ತ್ರ ತೆಗೆದು ಕೈಯಲ್ಲಿ ಹಿಡಿದಿದ್ದ. ಬ್ಯಾಡ ಅಂದರೆ ದೇವರ ಹಾಲು ಬ್ಯಾಡ ಅಂದ ಹಾಗೆ. ಬಿಸಿ ತುಪ್ಪದ ಗತಿ, ನುಂಗುವಂತಿಲ್ಲ ಉಗುಳುವಂತಿಲ್ಲ. ಅವಳು ಕಣ್ಣು ಮುಚ್ಚಿ ಕುಡಿದಳು. ಹಾಲು ಅಷ್ಟು ರುಚಿಯಾಗಿತ್ತು ಎಂದರೆ ನಾಚಿಕೆಯಾಯಿತು. ಬರಿಹೊಟ್ಟೆಯೊಳಗೆ ಅದು ಎಲ್ಲೆಲ್ಲಿ ಇಳಿಯುತ್ತಿದೆ ಎಂಬುದು ಕೂಡ ಗೊತ್ತಾಗುತ್ತಿತ್ತು. ಬೋರಣ್ಣ ಹೆಸರಿಡುವ ಪದ ಶುರು ಮಾಡಿದ. ಉದ್ದದ ಪದ. ಹಾಲು ಕಲಕಿತು, ನಿಂತಿತು, ಮತ್ತೆ ಕಲಕಿತು. ಮುಗೀಲಿ, ಮುಗೀಲಿ ಎಂದು ಅವಳು ಹಲ್ಲು ಕಚ್ಚಿದಳು. ಎಲ್ಲರೂ ಕೈ ಮುಗಿದರು, ಅವಳೂ ಕೂಸನ್ನು ಅವುಚಿಕೊಂಡು ಮುಂದಕ್ಕೆ ಬಗ್ಗಿದಳು, ಬಗ್ಗಿದ್ದೇ ತಪ್ಪಾಯಿತು. ಬೂದಿ, ಬಟ್ಟೆ, ಸೀರೆ ಯಾವುದೂ ತಡೆಯಲಿಲ್ಲ. ಕಂಬಳಿಯ ಮೇಲೆ ಬೆಚ್ಚಗೆ ಹರಡಿತು.

ಕಂಬಳಿ ಕರಿಯದು, ಕಾಣುವುದಿಲ್ಲ. ಆದರೆ ಮೂಗಿಗೆ ಕಪ್ಪೇನು ಬಿಳುಪೇನು. ಅವಳು ಬಗ್ಗಿದವಳು ಏಳಲೇ ಇಲ್ಲ. ಭೂಮಿ ಬಾಯಿಬಿಡಲಿ ಎಂದು ಕೇಳಲಿಲ್ಲ, ಏನನ್ನೂ ಕೇಳಲಿಲ್ಲ, ತಲೆ ಖಾಲಿಯಾಗಿತ್ತು. ಯಾರೋ ಮೂಗೆಳೆದುಕೊಂಡರು.

“ಅಯ್ ನಿನ್ನಾ!” ಪುಟ್ಟಕ್ಕ ಕೂಗಿದಳು. “ಮಾಡ್ಕಂಡ ಕಣ್ರೇ! ಎಸ್ರು ಇಡ್ತಿದ್ದಂಗೇ ಮಾಡ್ಕಂಡವ್ನೆ ನಮ್ ರಾಜ!”

ನಗು ಎದ್ದಿತು. ಗಂಡಸರೂ ನಕ್ಕರು. ಬೋರಣ್ಣ ಪದ ನಿಲ್ಲಿಸಿ, “ಬುಡ್ರವ್ವ, ಸ್ವಾಮಿಯೂ ಕೂಸಾಗಿದ್ದೋನೇ,” ಎಂದ. ಕ್ಯಾತಮ್ಮ ತಲೆ ಎತ್ತಿದಳು. ಅಲ್ಲ ಎಂದು ಹೇಳಲು ಬಾಯಿ ತೆರೆದಳೋ, ಹೌದು ಎಂದು ಹೇಳಲು ತೆರೆದಳೋ ಅವಳಿಗೇ ಗೊತ್ತಿಲ್ಲ. ಅಷ್ಟರಲ್ಲಿ ಜುಂಜಮ್ಮ ಬಂದು, “ತಗಾ ಇಲ್ಲಿ, ತೊಳ್ದು ತತ್ತೀನಿ,” ಎಂದು ಮಡಿಲಿನಿಂದ ಮೊಮ್ಮಗನನ್ನು ಎತ್ತಿಕೊಂಡು, ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು. ಕೂಸು ಏನೂ ಮಾಡಿರಲಿಲ್ಲ. ತೊಡೆ, ಬೆನ್ನು, ಬಟ್ಟೆ, ಎಲ್ಲ ಒಣಗಿತ್ತು.

ಜುಂಜಮ್ಮ ಬಟ್ಟೆ ನೋಡಿದಳು. ಆಮೇಲೆ ಸೊಸೆಯ ಮುಖ ನೋಡಿದಳು. ನಾಯಿ, ಕುಂಟೆ, ಮೂರು ಸಲದ ಸ್ನಾನ, ಅರ್ಧ ಬಿಟ್ಟ ಮುದ್ದೆ, ಎಲ್ಲವೂ ಒಂದೊಂದಾಗಿ ಆ ಮುದುಕಿಯ ಕಣ್ಣಲ್ಲಿ ಜಾಗ ಬದಲಿಸುತ್ತಿರುವುದನ್ನು ಕ್ಯಾತಮ್ಮ ಕಂಡಳು. ಆ ನೋಟದಲ್ಲಿ ಸಿಟ್ಟಿತ್ತೋ, ಹೇಸಿಗೆಯಿತ್ತೋ, ಕರುಣೆಯಿತ್ತೋ, ಹಟ್ಟಿಗೆಲ್ಲ ಸಾರಿದ ತನ್ನ ಬಾಯಿಯ ಮೇಲಿನ ನಾಚಿಕೆಯಿತ್ತೋ, ಅವಳಿಗೆ ಬಿಡಿಸಲಾಗಲಿಲ್ಲ. ಜುಂಜಮ್ಮ ಬಟ್ಟೆಯನ್ನು ಮತ್ತೆ ಕೂಸಿಗೆ ಬಿಗಿಯಾಗಿ ಸುತ್ತಿದಳು.

“ಊಂ ಕಣಮ್ಮ, ಮಾಡವ್ನೆ,” ಎಂದು ಎಲ್ಲರಿಗೂ ಕೇಳುವ ಹಾಗೆ ಅಂದಳು. “ಬೇದಿ ಆಗೈತೆ. ಲೇ ಕ್ಯಾತಿ, ನಿನ್ ಸೀರೆಗೂ ಮೆತ್ಕಂಡೈತೆ. ಕಂಬ್ಳಿ ಸುತ್ಕಂಡೇ ಎದ್ದು ಒಳೀಕ್ ನಡಿ.”

ಬಚ್ಚಲಿನ ಮರೆಯಲ್ಲಿ ಬಿಸಿನೀರು ಕಾದಿತ್ತು. ಕ್ಯಾತಮ್ಮ ತೊಳೆದುಕೊಂಡಳು, ಸೀರೆ ತೊಳೆದಳು, ಕಂಬಳಿ ತೊಳೆದಳು, ನೀರು ತಿಳಿಯಾದ ಮೇಲೂ ತೊಳೆಯುತ್ತಲೇ ಇದ್ದಳು. ಗೋಡೆಯಾಚೆ ಅತ್ತೆಯ ಕಾಲ ಸಪ್ಪಳ ಬಂತು, ನಿಂತಿತು. ಈಗ ಕೇಳುತ್ತಾಳೆ. ಯಾವಾಗಿನಿಂದ, ಯಾಕೆ ಹೇಳಲಿಲ್ಲ, ದೇವರ ಹೆಸರಲ್ಲಿ ಸುಳ್ಳಾಡಿದೆಯಾ ಎಂದು ಕೇಳುತ್ತಾಳೆ. ಕೇಳಿದರೆ ಎಲ್ಲ ಹೇಳಿಬಿಡಬೇಕು, ಆ ಸೀರೆ ಸೀಳಿದ ಸದ್ದಿನಿಂದ ಹಿಡಿದು ಎಲ್ಲ, ಎಂದು ಅವಳು ಗೋಡೆಗೆ ಹತ್ತಿರ ಸರಿದಳು. ಜುಂಜಮ್ಮ ಏನೂ ಕೇಳಲಿಲ್ಲ. ಒಂದೇ ಮಾತು ಅಂದಳು.

“ಕೂಸು ಇನ್ನೊಂದೆರಡು ವರ್ಸ ಸಣ್ದೇ ಕಣ್ಲೇ.”

ಒಗೆಯುತ್ತಿದ್ದ ಕೈ ನಿಂತಿತು. ಎರಡು ವರ್ಷ. ಎರಡು ವರ್ಷ ಹುಡುಗ ಮಡಿಲಲ್ಲಿರುತ್ತಾನೆ, ಎಲ್ಲಿ ಏನಾದರೂ ಅವನ ಮೇಲೆ ಹೋಗುತ್ತದೆ, ಎಲ್ಲರೂ ನಗುತ್ತಾರೆ. ಅವಳಿಗೆ ಮೈ ಹಗುರಾದ ಹಾಗಾಯಿತು, ಅಳುವಷ್ಟು ಹಗುರ. ಆಮೇಲೆ? ಆಮೇಲೆ ಅವನು ಎದ್ದು ಓಡಾಡುತ್ತಾನೆ, ತಾನೇ ಹೊರಗೆ ಹೋಗಿಬರುತ್ತಾನೆ, ಮಡಿಲು ಖಾಲಿಯಾಗುತ್ತದೆ.

ಒಳಗೆ ಬಂದಾಗ ಮನೆ ತುಂಬ ಹೆಂಗಸರು. ಪುಟ್ಟಕ್ಕ ಕೂಸನ್ನು ಅವಳ ಕೈಗಿಡುತ್ತ, “ಒಟ್ಟೆ ತುಂಬ ಆಲು ಕುಡ್ಸು ಕಣೆ. ನೋಡ್ತಾ ನೋಡ್ತಾ ಬೆಳ್ದುಬುಡ್ತಾನೆ,” ಎಂದಳು. “ಬೇಗ ದೊಡ್ಡೋನಾಗ್ಲಿ,” ಎಂದು ಇನ್ನೊಬ್ಬಳು ಹುಡುಗನ ತಲೆಯ ಮೇಲೆ ಕೈ ಇಟ್ಟಳು.

ಬೆಳೀಬ್ಯಾಡ ಎಂದಿತು ಕ್ಯಾತಮ್ಮನ ಮನಸ್ಸು. ಇಂಗೇ ಇರು ಮಗ, ಬೆಳೀಬ್ಯಾಡ.

ಅಂದದ್ದು ತಾನೇ ಎಂದು ತಿಳಿಯುವುದಕ್ಕೆ ಒಂದು ಗಳಿಗೆ ಬೇಕಾಯಿತು. ಗುಡಿಯ ಹಾಲಿನ ಸಿಹಿ ಇನ್ನೂ ನಾಲಿಗೆಯ ಮೇಲಿತ್ತು. ತಾನು ಕೇಳದ ಹರಕೆಯನ್ನೇ ದೇವರು ನಡೆಸಿಕೊಟ್ಟು ಕುರಿ ಉಳಿಸಿದ್ದಾನೆ, ಬೆಳೀಬ್ಯಾಡ ಎಂದದ್ದನ್ನೂ ಕೇಳಿಸಿಕೊಂಡಿದ್ದರೆ? ಮಗನ ತೊಡೆಯ ಸಡಿಲ ಚರ್ಮ ಕೈಗೆ ತಗುಲಿತು. ಜುಂಜಮ್ಮ ತಂದು ಮುಂದಿಟ್ಟ ತಟ್ಟೆಯಲ್ಲಿ ದೊಡ್ಡ ಮುದ್ದೆ, ಬೆಳ್ಳುಳ್ಳಿ ಹಾಕಿದ ಸಾರು. ಹೆಂಗಸರೆಲ್ಲ ಹರಕೆ ಮುಗಿಸಿದವಳ ಮೊದಲ ತುತ್ತು ನೋಡಲು ಸುತ್ತ ಕೂತಿದ್ದರು. ಅತ್ತೆ ಮಾತ್ರ ಬೇರೆ ಕಡೆ ನೋಡುತ್ತಿದ್ದಳು. ಕ್ಯಾತಮ್ಮ ಕೂಸನ್ನು ಮೊಲೆಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಮುದ್ದೆ ಮುರಿದಳು. ಮೊದಲ ತುತ್ತನ್ನು ಅತ್ತುಕೊಂಡೇ ನುಂಗಿದಳು, ಇನ್ನೊಂದು ಮುರಿದಳು, ಅದನ್ನೂ ನುಂಗಿದಳು, ತಟ್ಟೆಯಲ್ಲಿ ಏನೂ ಉಳಿಸಲಿಲ್ಲ.